ಉದ್ದ ನಳಿಕೆ, ಗಿಡ್ಡ ನಳಿಕೆ

1779–80ರ ಕಡುಚಳಿಯಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೇನಾನಿ ಜಾರ್ಜ್ ವಾಷಿಂಗ್ಟನ್ನರ ಸೇನೆ ನ್ಯೂಜೆರ್ಸಿಯ ಮಾರಿಸ್ಟೌನ್ ಬಳಿಯ ಜಾಕಿ ಹಾಲೋದಲ್ಲಿ ಬೀಡುಬಿಟ್ಟಿತ್ತು. ಆ ಸೈನಿಕರು ಹೊತ್ತಿದ್ದಂಥ ಆ ಕಾಲದ ಕೋವಿಗಳು ಅಷ್ಟು ಉದ್ದ ಏಕೆ? ಕರಿಮದ್ದು ಉರಿದು ಹುಟ್ಟುವ ಅನಿಲ ನಳಿಕೆಯುದ್ದಕ್ಕೂ ಗುಂಡನ್ನು ತಳ್ಳುತ್ತದೆ. ನಳಿಕೆ ಉದ್ದವಾದಂತೆ, ಒಂದು ಮಿತಿಯವರೆಗೆ, ಗುಂಡಿನ ವೇಗವೂ ಏರುತ್ತದೆ. ಬಯೊನೆಟ್ ಸಿಕ್ಕಿಸಿದರೆ ಕೋವಿಯೇ ಈಟಿ. ಅಲ್ಲಿಯೂ ಉದ್ದವೇ ಲಾಭ.

ಆದರೆ ಹೊತ್ತು ನಡೆಯುವವನ ಹೆಗಲು ಬೇರೆಯೇ ಮಾತಾಡುತ್ತದೆ. ಬ್ರಿಟಿಷರ ‘ಬ್ರೌನ್ ಬೆಸ್’ ಕೋವಿಯ ನಳಿಕೆ 46 ಇಂಚಿನಿಂದ 42ಕ್ಕೆ ಇಳಿಯಿತು. ತೂಕ ತಗ್ಗಿತು, ಮರಗಳ ನಡುವೆ ತಿರುಗಿಸುವುದು ಹಗುರವಾಯಿತು, ನಳಿಕೆಯ ಬಾಯಿಯಿಂದ ಮದ್ದು ತುಂಬುವುದೂ ಸಲೀಸಾಯಿತು.

ಉದ್ದವೊಂದೇ ಗುರಿ ತಪ್ಪದಂತೆ ಮಾಡುತ್ತದೆಂಬ ನಂಬಿಕೆ ಮಾತ್ರ ಸರಿಯಲ್ಲ. ಪೆನ್ಸಿಲ್ವೇನಿಯಾ ರೈಫಲ್ಲಿನ ಹೆಸರುವಾಸಿ ಗುರಿಗೆ ಮುಖ್ಯ ಕಾರಣ, ಗುಂಡನ್ನು ಬುಗುರಿಯಂತೆ ತಿರುಗಿಸುವ ಒಳಗಿನ ಸುರುಳಿ ಗೀರುಗಳು.