ಮನೆಯ ಮಾತು, ವೇದಿಕೆಯ ಮಾತು: ಹೊಸೂರು–ಕೃಷ್ಣಗಿರಿ ಭಾಗದ ಕನ್ನಡ ವಿದ್ಯಾರ್ಥಿ ಮತ್ತು ಪದವಿ ಮೊದಲ ವರ್ಷದ ಸಂವಹನ ಪಾಠ

(ವಿಭಾಗದ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

 ನನ್ನ ದನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ.

1. ವಿಷಯದ ವ್ಯಾಪ್ತಿ

ತಮಿಳುನಾಡಿನ ಕಲೆ ಮತ್ತು ವಿಜ್ಞಾನ ಕಾಲೇಜುಗಳಲ್ಲಿ ಪದವಿ ಪಠ್ಯಕ್ರಮವನ್ನು ಭಾಗಗಳಾಗಿ ವಿಂಗಡಿಸಿರುತ್ತಾರೆ. ಮೊದಲ ಭಾಗ ಭಾಷೆ, ಎರಡನೆಯದು ಇಂಗ್ಲಿಷ್, ಮೂರನೆಯದು ಮುಖ್ಯ ವಿಷಯ. ಮಾತಾಡುವುದನ್ನು ಕಲಿಸುವ ಕೆಲಸ ಬಹುಮಟ್ಟಿಗೆ ಇಂಗ್ಲಿಷ್ ಮೇಷ್ಟರ ಪಾಲಿಗೆ ಬರುತ್ತದೆ. 2022ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ 'ನಾನ್ ಮುದಲ್ವನ್' ಯೋಜನೆಯ ಕೌಶಲ ತರಬೇತಿಯಲ್ಲೂ ಇಂಗ್ಲಿಷ್ ಸಂವಹನಕ್ಕೆ ದೊಡ್ಡ ಜಾಗ ಇದೆ. ತನ್ನನ್ನು ತಾನು ಪರಿಚಯಿಸಿಕೊಳ್ಳುವುದು, ಒಂದು ನಿಮಿಷ ನಿಲ್ಲಿಸದೆ ಮಾತಾಡುವುದು, ಗುಂಪು ಚರ್ಚೆ, ಅಣಕು ಸಂದರ್ಶನ – ಪಾಠ ಹೀಗೆ ಸಾಗುತ್ತದೆ.

ನಾನು ಪದವಿ ಓದಿದ್ದು ಕೃಷ್ಣಗಿರಿ ಜಿಲ್ಲೆಯಲ್ಲಿ. ಆ ತರಗತಿಗಳಲ್ಲಿ ಕನ್ನಡ ಮನೆಗಳಿಂದ ಬಂದವರು ಹೆಚ್ಚಾಗಿ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತಿರ್ತಿದ್ದರು. ತಳಿ ಕಡೆಯ ಒಬ್ಬ ಸ್ನೇಹಿತ ಒಂದು ನಿಮಿಷದ ಭಾಷಣಕ್ಕೆ ಎದ್ದು ನಿಂತರೆ ಮೂರು ವಾಕ್ಯಕ್ಕೆ ನಿಂತುಬಿಡುತ್ತಿದ್ದ. ಆದರೆ ಹಾಸ್ಟೆಲ್‌ನಲ್ಲಿ ಊಟದ ಗಲಾಟೆ ಆದಾಗ ವಾರ್ಡನ್ ಹತ್ತಿರ ತಮಿಳಿನಲ್ಲಿ, ಅಡುಗೆಯವರ ಹತ್ತಿರ ತೆಲುಗಿನಲ್ಲಿ, ನಮ್ಮ ಹತ್ತಿರ ಕನ್ನಡದಲ್ಲಿ ಮಾತಾಡಿ ಜಗಳ ಬಿಡಿಸಿದವನು ಅವನೇ. 'ನಿಂಗೆ ಮಾತು ಬರುತ್ತಲ್ಲೋ' ಅಂದರೆ 'ಅದು ಮಾತಾ? ಅದು ಸುಮ್ನೆ ಮನೇಲಿ ಮಾತಾಡೋ ಥರ' ಅಂದ.

ಈ ಉತ್ತರವೇ ನನ್ನ ಪ್ರಬಂಧದ ಪ್ರಶ್ನೆ. ಯಾವುದು 'ಮಾತು', ಯಾವುದು 'ಸುಮ್ನೆ' ಎಂಬುದನ್ನು ಯಾರು, ಯಾವಾಗ ತೀರ್ಮಾನ ಮಾಡಿದರು? ಇಂಥವರ ಮೌನಕ್ಕೆ ಕಾಲೇಜು ಕೊಡುವ ಕಾರಣ ಸಂಕೋಚ, ಕೀಳರಿಮೆ. ಇವು ಮನಸ್ಸಿನ ಕಾರಣಗಳು. ಇದಕ್ಕೆ ಚರಿತ್ರೆಯ ಕಾರಣವೂ ಇದೆ ಅನ್ನುವುದು ನನ್ನ ವಾದ. ಸಭೆಯ ಮಾತು ಬರಬೇಕಾದರೆ ಮೊದಲು ಆ ಭಾಷೆಗೆ ಸಭೆ ಸಿಕ್ಕಿರಬೇಕು.

2. ಗಡಿ ಸೀಮೆಯ ಮಾತುಕತೆ

ಸ್ವಲ್ಪ ಹಿನ್ನೆಲೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಕಂಪನಿಗೆ ಹೋಯಿತು. ಕೃಷ್ಣಗಿರಿ ಅದರ ಭಾಗ. ಘಟ್ಟದ ಮೇಲಿನ ಹೊಸೂರು ಸೀಮೆ 1799ರಲ್ಲಿ ಟಿಪ್ಪು ಮಡಿದ ಮೇಲೆ ಸೇರಿತು. ಆಮೇಲೆ ಅದು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. 1956ರ ಭಾಷಾವಾರು ವಿಂಗಡಣೆಯಲ್ಲೂ ಹೊಸೂರು ಮದರಾಸಿನಲ್ಲೇ ಉಳಿಯಿತು. ಜಿಲ್ಲೆಯ ಹೆಸರು ಬದಲಾಗುತ್ತಾ ಹೋದರೂ ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು ಕಡೆ ಕನ್ನಡ, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಬದುಕಿಕೊಂಡು ಬಂದಿವೆ.

ಇಂಥ ಕಡೆ ಮಾತಾಡೋದು ಅಂದರೆ ಮೊದಲು ಎದುರಿನವರು ಯಾರು ಅಂತ ಅಳೆಯೋದು. ರಾಯಕೋಟೆಯ ಟೊಮೆಟೊ ಮಂಡಿಯಲ್ಲಿ ದರ ಮಾತಾಡುವ ರೈತ ಎರಡು ಮಾತಿನೊಳಗೆ ವ್ಯಾಪಾರಿಯ ಮನೆಮಾತು ಕಂಡುಹಿಡೀತಾನೆ. ಕನ್ನಡದ ನೀನು–ನೀವು, ತಮಿಳಿನ ನೀ–ನೀಂಗ, ತೆಲುಗಿನ ನುವ್ವು–ಮೀರು, ಈ ಮೂರು ಜೋಡಿಯಲ್ಲಿ ಯಾವುದನ್ನು ಎಲ್ಲಿ ಹಾಕಬೇಕು, ಎಲ್ಲಿ 'ಅಣ್ಣಾ' ಸೇರಿಸಿದರೆ ಬೆಲೆ ಇಳಿಯುತ್ತೆ ಅನ್ನೋದು ಹತ್ತು ವರ್ಷದ ಹುಡುಗಿಗೂ ಗೊತ್ತು. ಪಠ್ಯಪುಸ್ತಕ ಇದನ್ನೇ 'ವ್ಯಕ್ತಿ–ವ್ಯಕ್ತಿ ನಡುವಿನ ಸಂವಹನ ಕೌಶಲ' ಅನ್ನುತ್ತದೆ. ಕೇಳುಗನನ್ನು ಗಮನಿಸು, ಸನ್ನಿವೇಶಕ್ಕೆ ತಕ್ಕ ಪದ ಆರಿಸು ಅಂತ ಪಾಠವಿದೆ. ಈ ಮಕ್ಕಳು ಅದನ್ನು ಮೂರು ಭಾಷೆಯಲ್ಲಿ ಕಲಿತುಕೊಂಡೇ ಕಾಲೇಜಿಗೆ ಬರುತ್ತಾರೆ. ಆದರೆ ಅಂಕ ಕೊಡುವಾಗ ಲೆಕ್ಕಕ್ಕೆ ಬರುವುದು ನಾಲ್ಕನೆಯ ಭಾಷೆ.

ನಮ್ಮ ವಿಭಾಗದವರಿಗೆ ಇಲ್ಲಿ 'ಕವಿರಾಜಮಾರ್ಗ' ನೆನಪಾಗದೆ ಇರದು. ಒಂಬತ್ತನೇ ಶತಮಾನದ ಆ ಕೃತಿ ನಾಡವರನ್ನು ಹೊಗಳುವಾಗ ಚೆನ್ನಾಗಿ ಮಾತಾಡಬಲ್ಲರು ಅಂತ ಹೇಳಿ ಸುಮ್ಮನಾಗುವುದಿಲ್ಲ. ಆಡಿದ್ದನ್ನು ಅರಿತು ವಿಚಾರ ಮಾಡಬಲ್ಲರು ಅಂತಲೂ ಸೇರಿಸುತ್ತದೆ. ಓದು ಇಲ್ಲದವರಲ್ಲೂ ಆ ಜಾಣ್ಮೆ ಉಂಟು ಎನ್ನುತ್ತದೆ. ಮಾತು ಮತ್ತು ಆಲಿಸುವಿಕೆ ಅಲ್ಲಿ ಜೋಡಿಯಾಗಿವೆ.

3. ಮೂರು ಭಾಷೆ, ಮೂರು ವೇದಿಕೆ

ಬೀದಿಯ ಮಾತು ಬೇರೆ, ಅಪರಿಚಿತರ ಮುಂದೆ ನಿಂತು ಸ್ವಂತ ಅಭಿಪ್ರಾಯ ಮಂಡಿಸುವ ಭಾಷಣ ಬೇರೆ. ಈ ಎರಡನೆಯದು ನಮ್ಮ ಯಾವ ಭಾಷೆಗೂ ತಾನಾಗಿ ಬಂದದ್ದಲ್ಲ.

ಮೊದಲು ಇಂಗ್ಲಿಷ್. ಹೊಸೂರು ತಾಲ್ಲೂಕಿನ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿಯವರು ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಮದರಾಸಿನಲ್ಲಿ ಕಾನೂನು ಮುಗಿಸಿ 1900ರಲ್ಲಿ ಸೇಲಂನಲ್ಲಿ ವಕೀಲಿ ಶುರು ಮಾಡಿದರು. ಆ ತಲೆಮಾರಿನ ವಿದ್ಯಾವಂತರಿಗೆ ಕೋರ್ಟು, ಕಾಲೇಜು, ಕಾಂಗ್ರೆಸ್ಸಿನ ದೊಡ್ಡ ಸಭೆ ಎಲ್ಲ ಕಡೆಯೂ ವಾದದ ಭಾಷೆ ಇಂಗ್ಲಿಷ್. ಅದೇ ಕಾಲದ ಅಮೆರಿಕದಲ್ಲಿ ಒಂದು ಕುತೂಹಲದ ಬೆಳವಣಿಗೆ ಆಯಿತು. 1912ರಲ್ಲಿ ಡೇಲ್ ಕಾರ್ನೆಗಿ ನ್ಯೂಯಾರ್ಕಿನ ವೈಎಂಸಿಎಯಲ್ಲಿ ಭಾಷಣ ಕಲೆಯ ಸಂಜೆ ತರಗತಿ ಆರಂಭಿಸಿದ. 1914ರಲ್ಲಿ ಕಾಲೇಜುಗಳ ಭಾಷಣ ಅಧ್ಯಾಪಕರು ಇಂಗ್ಲಿಷ್ ಅಧ್ಯಾಪಕರ ಸಂಘದಿಂದ ಹೊರಬಂದು ತಮ್ಮದೇ ಸಂಘ ಕಟ್ಟಿಕೊಂಡರು. ಇಂಗ್ಲಿಷ್ ಕಲಿಸುವುದು ಮತ್ತು ಮಾತಾಡಲು ಕಲಿಸುವುದು ಎರಡು ಬೇರೆ ಕೆಲಸ ಎಂಬ ತಿಳಿವು ಆ ಒಡಕಿನ ಹಿಂದೆ ಇತ್ತು. ಇಂಗ್ಲಿಷೇ ಮನೆಮಾತಾಗಿದ್ದ ದೇಶದಲ್ಲೇ ಹೀಗಾಯಿತು. ನಮ್ಮಲ್ಲಿ ಆ ಎರಡನ್ನೂ ಮತ್ತೆ ಒಂದೇ ಪೀರಿಯಡ್ಡಿಗೆ ತುಂಬಿದ್ದೇವೆ.

ಎರಡನೆಯದು ಕನ್ನಡ. ಹರಿಕಥೆ, ಪುರಾಣ ವಾಚನ, ಗಮಕ, ತಾಳಮದ್ದಳೆಯ ಅರ್ಥಗಾರಿಕೆ – ಜನರ ಮುಂದೆ ಮಾತಾಡುವ ಕಲೆಗೆ ಕನ್ನಡದಲ್ಲಿ ಬರ ಇರಲಿಲ್ಲ. ಆದರೆ ಅಲ್ಲೆಲ್ಲ ಹೆಚ್ಚಾಗಿ ಕಥೆ ದೇವರದ್ದು, ಪಾತ್ರ ಪುರಾಣದ್ದು. 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸ ಕೊಟ್ಟರು. ನಾವು ಅದನ್ನು ಲೇಖನವಾಗಿ ಓದುತ್ತೇವೆ. ಅದು ಮೊದಲು ಆಡಿದ ಮಾತು. ಆಡಿದವರು ಇಂಗ್ಲಿಷ್ ಮೇಷ್ಟರು. 1915ರಲ್ಲಿ ಸಾಹಿತ್ಯ ಪರಿಷತ್ತು ಬಂತು. ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ಕರ್ನಾಟಕ ಸಂಘ ಬೆಳೆದು 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಹೊರಬಂತು. ತೊರಪಳ್ಳಿಯ ಹುಡುಗ ಇಂಗ್ಲಿಷಿನಲ್ಲಿ ಪದವಿ ಪಡೆದ ಕಾಲೇಜಿನಲ್ಲೇ, ಸುಮಾರು ಕಾಲು ಶತಮಾನದ ನಂತರ, ವಿದ್ಯಾರ್ಥಿಗಳಿಗೆ ಕನ್ನಡದ ಸಭೆಯೊಂದು ಸಿಕ್ಕಿತು. ಕನ್ನಡದ ಸಭಾ ಭಾಷೆ ಹೀಗೆ ಸಂಘ, ಪರಿಷತ್ತು, ಪತ್ರಿಕೆಗಳಲ್ಲಿ ಪಳಗಿ ತಯಾರಾಯಿತು.

ಮೂರನೆಯದು ತಮಿಳು. ತಮಿಳಿನ ವೇದಿಕೆ ಭಾಷಣ ತುಂಬ ಹಳೆಯದು ಎಂದು ನಾವು ನಂಬಿರುತ್ತೇವೆ. ಅಮೆರಿಕದ ಮಾನವಶಾಸ್ತ್ರಜ್ಞ ಬರ್ನಾರ್ಡ್ ಬೇಟ್ ಇದು ಆಧುನಿಕ ಕಾಲದ ಸೃಷ್ಟಿ, ಪ್ರೊಟೆಸ್ಟೆಂಟ್ ಮಿಷನರಿಗಳ ಉಪದೇಶ ಮತ್ತು ಸ್ವದೇಶಿ ಚಳವಳಿಯ ಸಭೆಗಳು ಅದರ ಬೇರು ಎಂದು ತೋರಿಸಿದ್ದಾರೆ. ಆಮೇಲೆ ದ್ರಾವಿಡ ಚಳವಳಿ ಅದನ್ನು ಊರೂರಿಗೆ ಒಯ್ದಿತು. ಅಲ್ಲೂ ಒಂದೇ ಮಾದರಿ ಇರಲಿಲ್ಲ. ಅಣ್ಣಾದೊರೈ ಅವರದ್ದು ಪ್ರಾಸ, ಅನುಪ್ರಾಸದ ಗ್ರಾಂಥಿಕ ಸೊಗಸು. ಪೆರಿಯಾರ್ ಅವರದ್ದು ಜಗುಲಿಯ ಮೇಲೆ ಕೂತು ಆಡುವಂಥ ನೇರ ಆಡುಮಾತು. ಪೆರಿಯಾರ್ ಶಾಲೆ ಬಿಟ್ಟದ್ದು ಚಿಕ್ಕ ವಯಸ್ಸಿನಲ್ಲಿ, ಅವರ ಮನೆಮಾತು ಕನ್ನಡ. ಕೃಷ್ಣಗಿರಿ ಜಿಲ್ಲೆಯ ಕಾಲೇಜುಗಳು ಸೇರುವ, 1997ರಲ್ಲಿ ಸೇಲಂನಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಇರುವುದು ಅವರದ್ದೇ ಹೆಸರು.

1938ರಲ್ಲಿ ಪ್ರಧಾನಿಯಾಗಿದ್ದ ರಾಜಾಜಿ ಮದರಾಸಿನ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದಾಗ ಎದುರು ನಿಂತು ಜೈಲಿಗೆ ಹೋದವರಲ್ಲಿ ಪೆರಿಯಾರ್ ಮುಖ್ಯರು. ಹೊಸೂರು ಸೀಮೆಯಲ್ಲಿ ಬೆಳೆದವರೊಬ್ಬರು, ಕನ್ನಡ ಮನೆಯಿಂದ ಬಂದವರೊಬ್ಬರು. ಇಬ್ಬರೂ ತಮಿಳು ವೇದಿಕೆಯಲ್ಲಿ ನಿಂತು ಶಾಲೆಯ ಭಾಷೆ ಯಾವುದಿರಬೇಕು ಎಂದು ವಾದ ಮಾಡಿದರು. ಮನೆಮಾತು ಬೇರೆಯಿದ್ದರೆ ಸಭೆಯಲ್ಲಿ ಮಾತು ಬಾರದು ಎನ್ನುವ ಅಂಜಿಕೆಗೆ ಪೆರಿಯಾರ್ ಒಬ್ಬರೇ ಸಾಕು ಉತ್ತರ. ಆದರೆ ಅವರಿಗೆ ಚಳವಳಿಯ ವೇದಿಕೆ ಇತ್ತು, ಆಡುಮಾತಿಗೆ ಕಿವಿಗೊಡುವ ಜನ ಇದ್ದರು. ನಮ್ಮ ತಳಿ ಸ್ನೇಹಿತನಿಗೆ ಇದ್ದದ್ದು ಒಂದು ನಿಮಿಷ ಮತ್ತು ಒಂದು ಸ್ಟಾಪ್‌ವಾಚ್.

4. ವೇದಿಕೆ ಕಿರಿದಾದ ಬಗೆ

ಹೊಸೂರು ಕಡೆಯ ಕನ್ನಡಕ್ಕೆ ಸಭೆಯ ರೂಪ ಕೊಡುತ್ತಿದ್ದ ಮುಖ್ಯ ಜಾಗ ಕನ್ನಡ ಶಾಲೆ. ಬೆಳಗಿನ ಪ್ರಾರ್ಥನೆಯಲ್ಲಿ ಸುದ್ದಿ ಓದುವುದು, ಆಗಸ್ಟ್ 15ರ ಭಾಷಣ, ವಾರ್ಷಿಕೋತ್ಸವದ ನಿರೂಪಣೆ, ವಂದನಾರ್ಪಣೆ – ನಾನು ಮನೆಯದಲ್ಲದ ಕನ್ನಡವನ್ನು ಮೊದಲು ಬಾಯಲ್ಲಿ ಆಡಿದ್ದು ಅಲ್ಲೇ. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. 2006–07ರಲ್ಲಿ ಒಂದನೇ ತರಗತಿಗೆ ಸೇರಿದ ಮೊದಲ ತಂಡದಲ್ಲಿ ನಾನೂ ಇದ್ದೆ. ನಾವು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಭಾಷಾ ಅಲ್ಪಸಂಖ್ಯಾತರ ಪ್ರಶ್ನೆ ಮದರಾಸು ಹೈಕೋರ್ಟಿನಲ್ಲಿತ್ತು. ರಾಜ್ಯದ ಭಾಷೆ ಕಲಿಯುವುದು ನಷ್ಟ ಅಂತ ನಾನು ಹೇಳ್ತಿಲ್ಲ. ತಮಿಳು ಬಂದಿದ್ದರಿಂದ ನನಗೆ ಇನ್ನೊಂದು ಸಾಹಿತ್ಯವೇ ಸಿಕ್ಕಿತು. ಆದರೆ ಕನ್ನಡಕ್ಕಿದ್ದ ಆ ಸಣ್ಣ ವೇದಿಕೆಯ ಮೇಲೆ ಒತ್ತಡ ಬಿತ್ತು, ಬಹಳ ಮನೆಯವರು ಇಂಗ್ಲಿಷ್ ಮಾಧ್ಯಮದ ಕಡೆ ತಿರುಗಿದರು.

ಫಲಿತಾಂಶ ಕಣ್ಣೆದುರಿಗಿದೆ. ನನ್ನ ಓರಗೆಯ ಅನೇಕರ ಕನ್ನಡಕ್ಕೆ ಅಡುಗೆಮನೆ, ಹೊಲ, ಜಾತ್ರೆಯ ಪದಸಂಪತ್ತು ಪೂರ್ತಿ ಇದೆ. ಅಭಿಪ್ರಾಯ ಭೇದವನ್ನು ಮರ್ಯಾದೆಯಿಂದ ಹೇಳುವ, ಒಂದು ವಾದವನ್ನು ಹಂತಹಂತವಾಗಿ ಕಟ್ಟುವ ಕನ್ನಡ ಇಲ್ಲ. 'ಸುಮ್ನೆ ಮನೇಲಿ ಮಾತಾಡೋ ಥರ' ಎಂಬ ಮಾತಿನ ಹಿಂದೆ ಇರುವುದು ಈ ಚರಿತ್ರೆ.

5. ತರಗತಿಯಲ್ಲಿ ಏನು ಮಾಡಬಹುದು

ನನ್ನ ಸಲಹೆಗಳು ಮೂರು, ಖರ್ಚಿಲ್ಲದವು. ಒಂದು, ಮೊದಲ ಸೆಮಿಸ್ಟರಿನ ಮೊದಲ ಭಾಷಣ ವಿದ್ಯಾರ್ಥಿಯ ಮನೆಮಾತಿನಲ್ಲಿ ಇರಲಿ. ಆರಂಭ, ನಿಲುಗಡೆ, ಕೇಳುಗರ ಕಡೆ ನೋಟ, ಮುಕ್ತಾಯ ಇವನ್ನು ಅಳೆಯಲು ಅದೇ ಭಾಷೆ ಗೊತ್ತಿರುವ ಸಹಪಾಠಿ ಸಾಕು. ಎರಡು, ದುಭಾಷಿ ಅಭ್ಯಾಸ: ಒಬ್ಬರು ಕನ್ನಡದಲ್ಲಿ ಹೇಳಿದ್ದನ್ನು ಇನ್ನೊಬ್ಬರು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಸಭೆಗೆ ತಿಳಿಸಲಿ. ಇದರಲ್ಲಿ ಆಲಿಸುವುದಕ್ಕೆ ಅಂಕ ಸಿಗುತ್ತದೆ. ಮೂರು, ಊರಿನಲ್ಲಿ ನ್ಯಾಯ ಪಂಚಾಯ್ತಿ, ಸ್ವಸಹಾಯ ಸಂಘದ ಸಭೆ, ಮಂಡಿಯ ಚೌಕಾಸಿ ಹೇಗೆ ನಡೆಯುತ್ತವೆ ಎಂದು ನೋಡಿ ಬರೆಯುವ ಒಂದು ನಿಯೋಜಿತ ಕಾರ್ಯ.

6. ಚರ್ಚೆಯಿಂದ

ಪ್ರಶ್ನೆ (ಅಧ್ಯಾಪಕರೊಬ್ಬರು): ಹೊಸೂರಲ್ಲಿ ಟಿವಿಎಸ್, ಟೈಟಾನ್, ಅಶೋಕ್ ಲೇಲ್ಯಾಂಡ್‌ನಂಥ ಕಂಪನಿಗಳಿವೆ. ಸಂದರ್ಶನಕ್ಕೆ ಹೋಗುವ ಮಕ್ಕಳಿಗೆ ಇಂಗ್ಲಿಷ್ ಬೇಕೇ ಬೇಕಲ್ಲಮ್ಮ. ಮನೆಮಾತಿಗೆ ಸಮಯ ಕೊಟ್ಟರೆ ಅವರಿಗೇ ನಷ್ಟ ಅಲ್ವಾ?

ಉತ್ತರ: ಇಂಗ್ಲಿಷ್ ಬೇಕು ಸಾರ್, ಅದನ್ನ ತೆಗೀರಿ ಅಂತ ನಾನು ಹೇಳಲ್ಲ. ಆದರೆ ಈಗ ಹುಡುಗನಿಗೆ ಒಂದೇ ಹೊತ್ತಲ್ಲಿ ಎರಡು ಪರೀಕ್ಷೆ ಆಗ್ತಿದೆ: ಇಂಗ್ಲಿಷ್ ಪದ ಹುಡುಕಬೇಕು, ಜನರ ಮುಂದೆ ನಿಲ್ಲಬೇಕು. ಎರಡರಲ್ಲೂ ಸೋತು ತನಗೆ ಮಾತೇ ಬರಲ್ಲ ಅಂದ್ಕೋತಾನೆ. ಮೊದಲು ಕನ್ನಡದಲ್ಲೋ ತೆಲುಗಲ್ಲೋ ಐದು ನಿಮಿಷ ನಿಂತು ಮಾತಾಡಿ, ಎದುರಿನವರು ತಲೆ ಆಡಿಸಿದ್ದನ್ನ ಒಂದು ಸಲ ನೋಡಲಿ. ಜನರ ಮುಂದೆ ನಿಲ್ಲೋ ಪರೀಕ್ಷೆ ಅಲ್ಲಿಗೆ ಮುಗೀತು. ಆಮೇಲೆ ಇಂಗ್ಲಿಷಿಗೆ ಬಂದಾಗ ಪದ ಹುಡುಕೋದು ಒಂದೇ ಬಾಕಿ, ಅದನ್ನ ಕಲಿಸೋಕೆ ನಿಮ್ಮಂಥ ಮೇಷ್ಟ್ರು ಇದ್ದೀರಿ.