ಕಡಲೆಕಾಯಿ ಅಲರ್ಜಿ ಮತ್ತು ವಿಮಾನ ಪ್ರಯಾಣ

ಕಡಲೆಕಾಯಿಯಲ್ಲಿರುವ ಪ್ರೋಟೀನುಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯು ಶತ್ರುವೆಂದು ತಪ್ಪಾಗಿ ಗುರುತಿಸಿ ಪ್ರತಿಕ್ರಿಯಿಸುವ ಸ್ಥಿತಿಯನ್ನು ಕಡಲೆಕಾಯಿ ಅಲರ್ಜಿ ಎನ್ನುತ್ತಾರೆ. ತೀವ್ರವಾದಾಗ ಇದು ಅನಾಫಿಲ್ಯಾಕ್ಸಿಸ್ ಎಂಬ ಪ್ರಾಣಾಪಾಯದ ಸ್ಥಿತಿಗೆ ತಿರುಗಬಲ್ಲದು. ಹಾರಾಟದಲ್ಲಿರುವ ವಿಮಾನದಿಂದ ಆಸ್ಪತ್ರೆಯನ್ನು ತಲುಪಲು ಬಹಳ ಹೊತ್ತು ಬೇಕಾಗುವುದರಿಂದ, ಇಂಥ ಪ್ರಯಾಣಿಕರು ಮುನ್ನೆಚ್ಚರಿಕೆಯನ್ನೂ ಔಷಧವನ್ನೂ ತಮ್ಮೊಂದಿಗೇ ಒಯ್ಯಬೇಕಾಗುತ್ತದೆ.

ಸ್ವರೂಪ

ಕಡಲೆಕಾಯಿಯ ಸಸ್ಯಶಾಸ್ತ್ರೀಯ ಹೆಸರು ಅರಾಕಿಸ್ ಹೈಪೋಜಿಯಾ. ದಕ್ಷಿಣ ಅಮೆರಿಕ ಮೂಲದ ಈ ಬೆಳೆ ಬಾದಾಮಿ, ಗೋಡಂಬಿಗಳ ಗುಂಪಿಗಲ್ಲ, ಅವರೆ ಮತ್ತು ತೊಗರಿಗಳ ದ್ವಿದಳಧಾನ್ಯ ಕುಟುಂಬಕ್ಕೆ ಸೇರಿದುದು. ಇದರ ಪ್ರೋಟೀನುಗಳಲ್ಲಿ ‘ಅರಾ ಎಚ್ 2’ ಎಂಬುದು ತೀವ್ರ ಪ್ರತಿಕ್ರಿಯೆಯೊಂದಿಗೆ ಹೆಚ್ಚಾಗಿ ಗುರುತಿಸಲ್ಪಟ್ಟಿದೆ. ಅಲರ್ಜಿ ಇರುವವರ ದೇಹದಲ್ಲಿ ಐಜಿಇ ಪ್ರತಿಕಾಯಗಳು ಈ ಪ್ರೋಟೀನನ್ನು ಹಿಡಿದೊಡನೆ ಮಾಸ್ಟ್ ಜೀವಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಸೂಸುತ್ತವೆ. ಮೈಮೇಲೆ ದದ್ದು, ತುಟಿ ಮತ್ತು ನಾಲಿಗೆಯ ಊತ, ವಾಂತಿ, ಉಸಿರಾಟದ ತೊಂದರೆ, ರಕ್ತದೊತ್ತಡದ ಕುಸಿತ ಇದರ ಲಕ್ಷಣಗಳು. ದದ್ದು ಏಳದೆಯೂ ಅನಾಫಿಲ್ಯಾಕ್ಸಿಸ್ ಆಗಬಹುದು.

ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ನಡುವೆ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನದ ಪ್ರಕಾರ, ಒಂದಲ್ಲ ಒಂದು ಆಹಾರಕ್ಕೆ ಐಜಿಇ ಪ್ರತಿಕಾಯ ಹೊಂದಿದ್ದವರು 26.5% ಇದ್ದರೂ ಆಹಾರದ ಅಲರ್ಜಿ ಸಂಭವನೀಯವೆಂದು ಕಂಡುಬಂದವರು 1.2% ಮಾತ್ರ. ರಕ್ತಪರೀಕ್ಷೆಯ ವರದಿಯೊಂದನ್ನೇ ನಂಬಿ ಅಲರ್ಜಿಯನ್ನು ನಿರ್ಧರಿಸಬಾರದೆಂಬುದು ಇದರಿಂದ ಸ್ಪಷ್ಟ. ತಿಂದಾಗ ಏನಾಯಿತೆಂಬ ವಿವರವೇ ರೋಗನಿರ್ಣಯದ ಮೊದಲ ಆಧಾರ.

ಹಳೆಯ ಬೆಂಗಳೂರಿನಲ್ಲಿ ಕಡಲೆಕಾಯಿ

ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಊರುಗಳ ಹೊಲಕ್ಕೆ ನುಗ್ಗಿ ಬೆಳೆ ತಿನ್ನುತ್ತಿದ್ದ ಬಸವನನ್ನು ಶಾಂತಗೊಳಿಸಲು ರೈತರು ಮೊದಲ ಫಸಲನ್ನು ಅರ್ಪಿಸತೊಡಗಿದರೆಂಬುದು ಐತಿಹ್ಯ. ಪರಿಷೆಯ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯ ಇಕ್ಕೆಲಗಳಲ್ಲಿ ಹಸಿ, ಹುರಿದ, ಬೇಯಿಸಿದ ಕಡಲೆಕಾಯಿಯ ರಾಶಿ ಇರುತ್ತದೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಾಲಯದ ಬಳಿಯೂ ಇತ್ತೀಚಿನ ವರ್ಷಗಳಲ್ಲಿ ಇಂಥದೇ ಪರಿಷೆ ನಡೆಯುತ್ತಿದೆ.

ಪರಿಷೆಯ ಕಡಲೆಕಾಯಿ ಕಣ್ಣಿಗೆ ಕಾಣುತ್ತದೆ. ಅಡುಗೆಯಲ್ಲಿ ಸೇರಿಹೋದದ್ದು ಕಾಣುವುದಿಲ್ಲ. ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ನಿಪ್ಪಟ್ಟು, ಸಂಕ್ರಾಂತಿಯ ಎಳ್ಳುಬೆಲ್ಲ, ಅಯ್ಯಂಗಾರ್ ಬೇಕರಿಗಳ ಖಾರದ ‘ಕಾಂಗ್ರೆಸ್’ ಕಡಲೆಕಾಯಿ ಎಲ್ಲವೂ ಪ್ರಯಾಣದ ಬುತ್ತಿಗೆ ಒಗ್ಗುವ ತಿನಿಸುಗಳೇ. ಒಂದೇ ಬಾಣಲೆ, ಒಂದೇ ಸೌಟು ಬಳಸುವ ಅಂಗಡಿಯಲ್ಲಿ ಕಡಲೆಕಾಯಿ ಹಾಕದ ತಿಂಡಿಗೂ ಅದರ ಅಂಶ ತಗಲುತ್ತದೆ. ಚೆನ್ನಾಗಿ ಸಂಸ್ಕರಿಸಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಉಳಿಯುವುದಿಲ್ಲ. ಆದರೆ ಗಾಣದ ಎಣ್ಣೆಯಲ್ಲಿ ಅದು ಉಳಿಯುವುದರಿಂದ ತೀವ್ರ ಅಲರ್ಜಿ ಇರುವವರು ಅದನ್ನು ಬಿಡಬೇಕು.

ಹೆಸರಿನ ಗೊಂದಲ

ಬೆಂಗಳೂರು ಕಡೆಯ ‘ಕಡಲೆಬೀಜ’ ಉತ್ತರ ಕರ್ನಾಟಕದಲ್ಲಿ ‘ಶೇಂಗಾ’. ಕಡಲೆಕಾಳು, ಕಡಲೆಬೇಳೆ, ಹುರಿಗಡಲೆ, ಕಡಲೆಹಿಟ್ಟುಗಳು ಬೇರೆಯೇ ಸಸ್ಯದವು. ‘ಕಡಲೆ ಆಗುವುದಿಲ್ಲ’ ಎಂದಷ್ಟೇ ಹೇಳಿದರೆ ಬಡಿಸುವವರು ಹುರಿಗಡಲೆ ಚಟ್ನಿಯನ್ನು ತೆಗೆದಿಟ್ಟು ಕಡಲೆಬೀಜದ ಚಿತ್ರಾನ್ನವನ್ನು ಕೊಡಬಹುದು. ಹಿಂದಿಯ ‘ಮೂಂಗ್‌ಫಲೀ’ ಎಂಬ ಪದವೂ ಹೆಸರುಕಾಳಿನ ನೆನಪು ತರುತ್ತದೆ. ತೆಲುಗಿನಲ್ಲಿ ‘ವೇರುಶೆನಗ’ ಅಥವಾ ‘ಪಲ್ಲಿ’, ತಮಿಳಿನಲ್ಲಿ ‘ವೇರ್ಕಡಲೈ’ ಎನ್ನುತ್ತಾರೆ. ಹೋಗುವ ಊರಿನ ಭಾಷೆಯಲ್ಲಿ ಬರೆದ, ಚಿತ್ರವಿರುವ ಚೀಟಿ ಮಾತಿಗಿಂತ ಹೆಚ್ಚು ಭರವಸೆಯದು.

ವಿಮಾನದೊಳಗಿನ ಅಪಾಯ

ಪಕ್ಕದವರು ಕಡಲೆಕಾಯಿಯ ಪೊಟ್ಟಣ ಬಿಡಿಸಿದರೆ ಅದರ ವಾಸನೆಯಿಂದಲೇ ಅನಾಫಿಲ್ಯಾಕ್ಸಿಸ್ ಆಗುತ್ತದೆಂಬ ಭಯ ವ್ಯಾಪಕವಾಗಿದೆ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಮಾಡಿಸಿದ ಅಧ್ಯಯನ ಪರಾಮರ್ಶೆಯಲ್ಲಿ ಕಡಲೆಕಾಯಿಯ ಅಲರ್ಜಿಕಾರಕಗಳು ವಿಮಾನದ ಗಾಳಿಯ ವ್ಯವಸ್ಥೆಯ ಮೂಲಕ ಹರಡುತ್ತವೆ ಎಂಬುದಕ್ಕೆ ಪುರಾವೆ ದೊರೆಯಲಿಲ್ಲ. ದೊಡ್ಡ ವಿಮಾನಗಳಲ್ಲಿ ಕ್ಯಾಬಿನ್ನಿನ ಗಾಳಿ ಕೆಲವೇ ನಿಮಿಷಗಳಿಗೊಮ್ಮೆ ಬದಲಾಗುತ್ತದೆ. ಮರುಬಳಕೆಯಾಗುವ ಭಾಗವು ಸೂಕ್ಷ್ಮ ಶೋಧಕಗಳ ಮೂಲಕ ಹಾದುಬರುತ್ತದೆ.

ನಿಜವಾದ ಅಪಾಯವಿರುವುದು ಕೈಯಲ್ಲಿ ಮತ್ತು ಬಾಯಲ್ಲಿ. ಹಿಂದಿನ ಪ್ರಯಾಣಿಕರು ಬಿಟ್ಟುಹೋದ ಪುಡಿ ಆಸನದ ತಟ್ಟೆಹಲಗೆ, ಕೈಯಾಸರೆ, ಪರದೆಗಳ ಮೇಲೆ ಉಳಿದಿರುತ್ತದೆ. ಅದನ್ನು ಮುಟ್ಟಿದ ಕೈ ಬಾಯಿಗೆ ಹೋಗುತ್ತದೆ. ಚಿಕ್ಕ ಮಕ್ಕಳಲ್ಲಿ ಇದು ಇನ್ನೂ ಸುಲಭ. ಆಸನದಲ್ಲಿ ಕೂರುವ ಮೊದಲು ಒದ್ದೆ ವೈಪ್‌ಗಳಿಂದ ಇವನ್ನೆಲ್ಲ ಒರೆಸುವುದು ಪರಿಣಾಮಕಾರಿ. ಕೈಗಳಿಂದ ಕಡಲೆಕಾಯಿ ಪ್ರೋಟೀನನ್ನು ಸಾಬೂನು ನೀರು ತೆಗೆಯುತ್ತದೆ, ಸ್ಯಾನಿಟೈಸರ್ ತೆಗೆಯುವುದಿಲ್ಲ: ಅದು ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಪ್ರೋಟೀನನ್ನು ತೊಳೆದುಹಾಕದು.

ವಿಮಾನದಲ್ಲಿ ದೊರೆಯುವ ‘ಹಿಂದೂ’, ‘ಜೈನ’ ಅಥವಾ ‘ಸಸ್ಯಾಹಾರಿ’ ವಿಶೇಷ ಊಟಗಳು ಕಡಲೆಕಾಯಿರಹಿತ ಎಂದರ್ಥವಲ್ಲ. ಮನೆಯಲ್ಲಿ ಮಾಡಿದ ಬುತ್ತಿಯೇ ಉತ್ತಮ. ಬಸವನಗುಡಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 40 ಕಿ.ಮೀ. ದೂರವಿದ್ದು, ವಾಹನ ದಟ್ಟಣೆ ಹಾಗೂ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಬುತ್ತಿ ಕಟ್ಟಬೇಕಾಗುತ್ತದೆ. ಚಟ್ನಿ, ಮೊಸರಿನಂಥವು ಭದ್ರತಾ ತಪಾಸಣೆಯಲ್ಲಿ ದ್ರವವೆಂದು ಪರಿಗಣಿತವಾಗಬಹುದು.

ಅಡ್ರಿನಲಿನ್

ಅನಾಫಿಲ್ಯಾಕ್ಸಿಸ್‌ಗೆ ಮೊದಲ ಚಿಕಿತ್ಸೆ ಅಡ್ರಿನಲಿನ್ ಚುಚ್ಚುಮದ್ದು. ಇದನ್ನು ತೊಡೆಯ ಹೊರಭಾಗದ ಮಧ್ಯದ ಸ್ನಾಯುವಿಗೆ ಕೊಡುತ್ತಾರೆ. ಪ್ರಮಾಣವು ದೇಹತೂಕದ ಪ್ರತಿ ಕಿಲೋಗ್ರಾಂಗೆ 0.01 ಮಿ.ಗ್ರಾಂ.; ವಯಸ್ಕರಿಗೆ ಒಮ್ಮೆಗೆ ಗರಿಷ್ಠ 0.5 ಮಿ.ಗ್ರಾಂ. ಲಕ್ಷಣಗಳು ಇಳಿಯದಿದ್ದರೆ 5ರಿಂದ 15 ನಿಮಿಷಗಳಲ್ಲಿ ಮತ್ತೊಮ್ಮೆ ಕೊಡಬೇಕಾಗಬಹುದಾದ್ದರಿಂದ ಎರಡು ಡೋಸ್ ಜೊತೆಗಿರಬೇಕು. ಅಲರ್ಜಿಯ ಮಾತ್ರೆಗಳು ತುರಿಕೆಯನ್ನು ಕಡಿಮೆ ಮಾಡುತ್ತವೆ, ಉಸಿರುಗಟ್ಟುವುದನ್ನು ತಡೆಯುವುದಿಲ್ಲ. ಮಾತ್ರೆ ನುಂಗಿ ಕಾದು ನೋಡುವುದೇ ಸಾಮಾನ್ಯವಾಗಿ ಆಗುವ ದೊಡ್ಡ ತಪ್ಪು.

ಪಾಶ್ಚಾತ್ಯ ದೇಶಗಳಲ್ಲಿ ಪ್ರಚಲಿತವಿರುವ ಸ್ವಯಂ ಚುಚ್ಚುವ ಪೆನ್ನುಗಳು ಭಾರತದ ಔಷಧ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಇಲ್ಲಿ ದೊರೆಯುವುದು 1 ಮಿ.ಲೀ.ಯಲ್ಲಿ 1 ಮಿ.ಗ್ರಾಂ. ಔಷಧವಿರುವ ಗಾಜಿನ ಆಂಪ್ಯೂಲ್. ಅದನ್ನು ಒಡೆದು, ಸಿರಿಂಜಿಗೆ ಎಳೆದು, ಸರಿಯಾದ ಪ್ರಮಾಣ ಅಳೆದು ಚುಚ್ಚುವುದನ್ನು ರೋಗಿಯೂ ಜೊತೆಗಿರುವವರೂ ವೈದ್ಯರಿಂದ ಮೊದಲೇ ಕಲಿತಿರಬೇಕು. ಸೂಜಿ, ಸಿರಿಂಜುಗಳೊಂದಿಗೆ ವೈದ್ಯರ ಚೀಟಿ ಹಾಗೂ ಇಂಗ್ಲಿಷಿನಲ್ಲಿ ಬರೆದ ಪತ್ರವಿದ್ದರೆ ತಪಾಸಣೆ ಸುಗಮವಾಗುತ್ತದೆ. ಔಷಧವು ಸರಕು ವಿಭಾಗಕ್ಕೆ ಹೋಗುವ ಪೆಟ್ಟಿಗೆಯಲ್ಲಿರಬಾರದು. ತಲೆಯ ಮೇಲಿನ ಗೂಡಿಗಿಂತಲೂ ಕಾಲಬಳಿಯ ಚೀಲ ಒಳ್ಳೆಯದು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಸೂಚಿಸುವ ವೈದ್ಯಕೀಯ ಪೆಟ್ಟಿಗೆಯಲ್ಲಿ ಅಡ್ರಿನಲಿನ್ ಇದ್ದರೂ ಅದನ್ನೇ ನೆಚ್ಚಿಕೊಳ್ಳಲಾಗದು.

ಪ್ರತಿಕ್ರಿಯೆ ಆರಂಭವಾದವರು ವಾಂತಿಗೆಂದು ಒಬ್ಬರೇ ಶೌಚಾಲಯಕ್ಕೆ ಹೋಗಬಾರದು. ರಕ್ತದೊತ್ತಡ ಕುಸಿದಾಗ ದಿಢೀರನೆ ಎದ್ದು ನಿಲ್ಲುವುದರಿಂದ ಹೃದಯ ಸ್ತಂಭಿಸಬಹುದು. ಕಾಲುಗಳನ್ನು ಎತ್ತರಿಸಿ ಮಲಗಿಸಬೇಕು. ಉಸಿರಾಟಕ್ಕೆ ಕಷ್ಟವಿದ್ದರೆ ಕಾಲು ಚಾಚಿ ಕೂರಿಸಬಹುದು. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ಬಳಿಕ ಲಕ್ಷಣಗಳು ಮರಳಬಹುದಾದ್ದರಿಂದ ಇಳಿದ ಮೇಲೆ ಆಸ್ಪತ್ರೆಯ ನಿಗಾ ಅಗತ್ಯ.

ನಿಯಮಗಳು

ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಂತೆ ಪೊಟ್ಟಣ ಕಟ್ಟಿದ ಆಹಾರದಲ್ಲಿ ಕಡಲೆಕಾಯಿ ಇದ್ದರೆ ಅದನ್ನು ಅಲರ್ಜಿಕಾರಕವೆಂದು ನಮೂದಿಸಬೇಕು. ಬೀದಿಬದಿಯ ತಿಂಡಿಗೆ ಇಂಥ ಲೇಬಲ್ ಇರುವುದಿಲ್ಲ. ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯು 2018ರ ಆಗಸ್ಟ್ 1ರಿಂದ ವಿಮಾನಗಳಲ್ಲಿ ಕಡಲೆಕಾಯಿ ಹಂಚುವುದನ್ನು ನಿಲ್ಲಿಸಿತು. ಆಸನ ಒರೆಸಿಕೊಳ್ಳಲು ಮೊದಲೇ ವಿಮಾನ ಹತ್ತುವ ಅವಕಾಶವನ್ನು ತೀವ್ರ ಅಲರ್ಜಿ ಇರುವವರಿಗೆ ನಿರಾಕರಿಸಬಾರದೆಂದು ಅಲ್ಲಿನ ಸಾರಿಗೆ ಇಲಾಖೆ 2019ರಲ್ಲಿ ಹೇಳಿತು. ಇತರೆಡೆ ಪದ್ಧತಿಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿವೆ. ಆದ್ದರಿಂದ ಟಿಕೆಟ್ ಕಾದಿರಿಸುವಾಗ ಒಮ್ಮೆ, ವಿಮಾನ ಹತ್ತುವಾಗ ಸಿಬ್ಬಂದಿಗೆ ಮತ್ತೊಮ್ಮೆ ತಿಳಿಸುವುದು ರೂಢಿ.