ತುಮಕೂರು ಸೀಮೆಯ ಊರುಗಳೂ ಯೋಜನೆಯ ನಕ್ಷೆಯೂ

ಹಳೆಯ ಮೈಸೂರಿನಲ್ಲಿ ನಗರ ಯೋಜನೆಯನ್ನು ಹುಟ್ಟುಹಾಕಿದ್ದು ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಪಿಡುಗು ಬಂದಾಗ ಮಲ್ಲೇಶ್ವರ, ಬಸವನಗುಡಿಗಳಂಥ ಅಗಲ ಬೀದಿಯ ಬಡಾವಣೆಗಳು ಎದ್ದವು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿಯ ವಿಶ್ವಸ್ತ ಮಂಡಳಿ ಬಂತು. ಜಿಲ್ಲೆಯ ಊರುಗಳಿಗೆ ಆ ಭಾಗ್ಯವಿರಲಿಲ್ಲ. ತುಮಕೂರು ಅಮಾನಿಕೆರೆಯ ಮಗ್ಗುಲಲ್ಲಿ, ಪುಣೆ ರಸ್ತೆಯ ಉದ್ದಕ್ಕೆ, 1884ರಲ್ಲಿ ಬೆಂಗಳೂರಿನಿಂದ ರೈಲು ಬಂದ ಮೇಲೆ ನಿಲ್ದಾಣದ ಕಡೆಗೆ ಬೆಳೆಯಿತು. ಗುಬ್ಬಿಯನ್ನು ಬೆಳೆಸಿದ್ದು ಸಂತೆ ಮತ್ತು ಅಡಿಕೆ ವ್ಯಾಪಾರ. ಕುಣಿಗಲ್ಲಿಗೆ ದೊಡ್ಡಕೆರೆ, ಕುದುರೆ ಫಾರಂ, ಮಂಗಳೂರಿನ ಹೆದ್ದಾರಿ. ಪುರಸಭೆಗಳು ನೋಡಿಕೊಳ್ಳುತ್ತಿದ್ದುದು ಬಹುಪಾಲು ದೀಪ, ಚರಂಡಿ, ರಸ್ತೆಗಳನ್ನು. ಊರು ಮುಂದೆ ಯಾವ ದಿಕ್ಕಿಗೆ ಹೋಗಬೇಕೆಂದು ಕೇಳುವ ಕಾನೂನು ಅವುಗಳ ಕೈಯಲ್ಲಿರಲಿಲ್ಲ.

ಆ ಕಾನೂನು ಬಂದದ್ದು ಏಕೀಕರಣದ ನಂತರ. ಉತ್ತರದ ಜಿಲ್ಲೆಗಳಲ್ಲಿ ಮುಂಬಯಿಯ ನಗರ ಯೋಜನಾ ಕಾಯಿದೆ ನಡೆಯುತ್ತಿದ್ದುದರಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಳೆ ಬೇಕಾಯಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1965ರಲ್ಲಿ ಜಾರಿಗೆ ಬಂತು. ಅದರ ಕ್ರಮ ಹೀಗೆ: ಸರ್ಕಾರ ಮೊದಲು ಒಂದು ಸ್ಥಳೀಯ ಯೋಜನಾ ಪ್ರದೇಶವನ್ನು ಘೋಷಿಸುತ್ತದೆ. ಊರಿನ ಜೊತೆ ಸುತ್ತಲಿನ ಹಳ್ಳಿಗಳೂ ಅದರೊಳಗೆ ಸೇರುತ್ತವೆ, ಬಹುಮಟ್ಟಿಗೆ ಆ ಹಳ್ಳಿಯವರಿಗೆ ಗೊತ್ತಾಗುವ ಮೊದಲೇ. ಯೋಜನಾ ಪ್ರಾಧಿಕಾರ ಸರ್ವೆ ನಂಬರುಗಳ ಮೇಲೆ ಈಗಿನ ಭೂಬಳಕೆಯನ್ನು ಗುರುತಿಸಿ, ಮುಂದಿನದಕ್ಕೆ ಬಣ್ಣ ಹಾಕುತ್ತದೆ: ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಸರ್ಕಾರದ ತಾತ್ಕಾಲಿಕ ಒಪ್ಪಿಗೆ ಸಿಕ್ಕ ಮೇಲೆ ಕರಡು ಪ್ರಕಟವಾಗುತ್ತದೆ. ಆಕ್ಷೇಪಣೆಗೆ 60 ದಿನ. ಜನ ಮಾತಾಡಲು ಕಾಯಿದೆ ಕೊಟ್ಟಿರುವ ಮುಖ್ಯ ಅವಕಾಶ ಇದೇ. ನಕ್ಷೆ ಓದಲು ಬಲ್ಲವರು ಸೈಟು ವ್ಯಾಪಾರಿಗಳೇ ಹೆಚ್ಚಾದ್ದರಿಂದ ಅವಕಾಶದ ಲಾಭವೂ ಅವರಿಗೇ ಹೆಚ್ಚು.

ಮೊದಲು ರೂಪರೇಖಾ ಯೋಜನೆ, ಆಮೇಲೆ ಸಮಗ್ರ ಯೋಜನೆ (ಇಂಗ್ಲಿಷಿನ ಸಿಡಿಪಿ) ಎಂದು ಎರಡು ಹಂತಗಳಿದ್ದವು. ಎರಡನ್ನೂ ತೆಗೆದು ಒಂದೇ ಮಹಾಯೋಜನೆ ಮಾಡಿದ್ದು 2004ರ ತಿದ್ದುಪಡಿ. ಜನರ ಬಾಯಲ್ಲಿ ಅದು ಇನ್ನೂ ಸಿಡಿಪಿಯೇ. ತುಮಕೂರಿನಲ್ಲಿ ಈ ಕೆಲಸ 1987ರ ಕಾಯಿದೆಯಡಿ ಸ್ಥಾಪನೆಯಾದ ನಗರಾಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ಜನರು ಹೇಳುವ ಟೂಡಾದ್ದು.

ಆದರೆ ಈ ಸೀಮೆಯ ದೊಡ್ಡ ಬದಲಾವಣೆಗಳು ಟೂಡಾದ ಮೇಜಿನ ಮೇಲೆ ಹುಟ್ಟಿದವಲ್ಲ. ಕೈಗಾರಿಕೆಗೆ ಜಮೀನು ಹಿಡಿಯುವುದು 1966ರ ಬೇರೊಂದು ಕಾಯಿದೆ, ಬೇರೊಂದು ಮಂಡಳಿ. ವಸಂತನರಸಾಪುರದ ಫುಡ್ ಪಾರ್ಕ್ 2014ರಲ್ಲಿ ಉದ್ಘಾಟನೆಯಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಅಡಿಗಲ್ಲು ಬಿದ್ದು, 2023ರಲ್ಲಿ ಬಾಗಿಲು ತೆರೆಯಿತು. 2016ರಲ್ಲೇ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಅದರ ಹಣ ಖರ್ಚು ಮಾಡಲು ಮತ್ತೊಂದು ಕಂಪನಿಯೇ ಆಯಿತು. ನಕ್ಷೆ ಇವುಗಳ ಹಿಂದೆ ನಡೆಯಬೇಕಾಯಿತು.

ಹಣದ ಯೋಜನೆ ಬೇರೆಯೇ ದಾರಿ ಹಿಡಿದಿದೆ. 1993ರಲ್ಲಿ ಜಾರಿಗೆ ಬಂದ 74ನೇ ಸಂವಿಧಾನ ತಿದ್ದುಪಡಿಯ ಪ್ರಕಾರ ಪಂಚಾಯಿತಿ, ಪುರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸಬೇಕಾದದ್ದು ಜಿಲ್ಲಾ ಯೋಜನಾ ಸಮಿತಿ. ಗ್ರಾಮಸಭೆಯಲ್ಲಿ ಕೇಳಿದ ಚರಂಡಿ ಒಂದು ಕಡತದಲ್ಲಿ, ಅದೇ ಹಳ್ಳಿಯ ಹೊಲದ ಬಣ್ಣ ಇನ್ನೊಂದರಲ್ಲಿ. ಕುಣಿಗಲ್ಲಿಗೆ ಇನ್ನೊಂದು ತೊಡಕಿದೆ: ನೆರೆಯ ನೆಲಮಂಗಲ, ಮಾಗಡಿಗಳು 1985ರ ಕಾಯಿದೆಯ ಬೆಂಗಳೂರು ಮಹಾನಗರ ಪ್ರದೇಶದೊಳಗಿವೆ, ಕುಣಿಗಲ್ ಹೊರಗೆ. ಬೆಂಗಳೂರಿನ ಒತ್ತಡ ಮಾತ್ರ ಗಡಿಕಲ್ಲು ನೋಡಿ ನಿಲ್ಲುವುದಿಲ್ಲ.

ಮಹಾಯೋಜನೆಯನ್ನು 10 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯಿದೆ ಹೇಳುತ್ತದೆ. ಅಷ್ಟರೊಳಗೆ ರಸ್ತೆ ಬದಿಯ ಹೊಲಗಳು ಬಡಾವಣೆಯ ಒಪ್ಪಿಗೆಯಿಲ್ಲದ ರೆವೆನ್ಯೂ ಸೈಟುಗಳಾಗಿ ಮಾರಾಟವಾಗಿರುತ್ತವೆ. ಹೊಸ ನಕ್ಷೆ ಹಲವು ಸಲ ಅವುಗಳಿಗೆ ಹಳದಿ ಬಳಿಯುತ್ತದೆ.